ಯಲ್ಲಕ್ಕನ ಪಾತ್ರ

ನವೆಂಬರ್ 14, ಗುರುವಾರ, ಗೋಕಾಕ

ಹನ್ನೊಂದು ತಿಂಗಳ ಮೇಲೆ ಕೆಲಸ ಸಿಕ್ಕಿದೆ. ಅದೂ ಎಂಥ ಕೆಲಸ! ಲಾಡ್ಜಿನಲ್ಲಿ ನನಗೊಬ್ಬಳಿಗೇ ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆರೆದರೆ ಕಬ್ಬಿನ ಟ್ರ್ಯಾಕ್ಟರುಗಳ ಹಾಡು. ಕಬ್ಬು ನುರಿಸುವ ಹಂಗಾಮು ಶುರುವಾಗಿದೆ, ಒಂದೊಂದು ಟ್ರ್ಯಾಕ್ಟರಿಗೂ ಎರಡೆರಡು ಸ್ಪೀಕರು.

ಇಪ್ಪತ್ತಮೂರು ವರ್ಷದಲ್ಲಿ ಸಿನಿಮಾ, ಧಾರಾವಾಹಿ ಎಲ್ಲ ಸೇರಿ ನಾನು ಮೂವತ್ತೇಳು ಮಕ್ಕಳ ತಾಯಿ, ಹನ್ನೆರಡು ಸೊಸೆಯರ ಅತ್ತೆ, ನಾಲ್ಕು ಸಲ ನರ್ಸು. ಒಂದರಲ್ಲೂ ನನ್ನ ಪಾತ್ರಕ್ಕೆ ಸ್ವಂತದ್ದೊಂದು ದುಃಖ ಅಂತ ಇರಲಿಲ್ಲ. ಬೇರೆಯವರು ಅತ್ತಾಗ ಹಿಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದೇ ಬಂತು. ಕಳೆದ ಡಿಸೆಂಬರಿನಲ್ಲಿ ಧಾರಾವಾಹಿಯವರು ನನ್ನನ್ನು ಸಾಯಿಸಿದರು. ಈಗ ಆ ಮನೆಯ ಹಾಲಿನಲ್ಲಿ ಹಾರ ಹಾಕಿದ ನನ್ನ ಫೋಟೋ ಇದೆ. ದಿನಾ ಸಂಜೆ ಏಳಕ್ಕೆ ಸೊಸೆ ಅದರ ಮುಂದೆ ನಿಂತು ಅಳುತ್ತಾಳೆ. ಹೊಸ ಹುಡುಗಿ. ಅಳುವುದಕ್ಕೂ ಬರುವುದಿಲ್ಲ ಅವಳಿಗೆ.

ಈ ಸಿನಿಮಾದಲ್ಲಿ ಯಲ್ಲಕ್ಕನೇ ಎಲ್ಲ. ಯಲ್ಲಕ್ಕನ ಒಬ್ಬನೇ ಮಗ ಸೈಕಲ್ ಮೇಲೆ ಹೋಗುವಾಗ ಗಾಡಿ ಹೊಡೆದು ಸಾಯುತ್ತಾನೆ. ಎಂಟು ವರ್ಷ ಆಕೆ ಹಳ್ಳಿಯಿಂದ ಗೋಕಾಕದ ಕೋರ್ಟಿಗೆ ಪ್ರತಿಯೊಂದು ತಾರೀಖಿಗೂ ಬರುತ್ತಾಳೆ. ಕೊನೆಗೆ ತೀರ್ಪು ಆಗುತ್ತದೆ. ಕೋರ್ಟಿನ ಮೆಟ್ಟಿಲ ಮೇಲೆ ಆಕೆಗೆ ಎರಡು ಪುಟದ ಮಾತಿದೆ. ಬೆಂಗಳೂರಿನಿಂದ ಘಟಪ್ರಭಾ ಸ್ಟೇಶನ್ ಬರುವಷ್ಟರಲ್ಲಿ ಪೂರ್ತಿ ಬಾಯಿಪಾಠವಾಗಿದೆ.

ನಿರ್ದೇಶಕ ಶ್ರೇಯಸ ಸಂಕೇಶ್ವರದ ಹುಡುಗ, ಮೂವತ್ತು ದಾಟಿದೆಯೋ ಇಲ್ಲವೋ. ಹಣ ಹಾಕುತ್ತಿರುವವರು ಅವನ ಕಾಕಾ ತಾತ್ಯಾಸಾಹೇಬರು, ಬೆಲ್ಲದ ವ್ಯಾಪಾರಿಗಳು. ಶ್ರೇಯಸ ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾನೆ. ಫೋನಿನಲ್ಲಿ ಹೇಳಿದ್ದ: "ಮೌಶಿ, ಯಲ್ಲಕ್ಕ ಅಂದ್ರ ನೀವ. ನಿಮ್ಮನ್ನ ಕಣ್ಣ ಮುಂದ ಇಟ್ಕೊಂಡ ಬರದೇನಿ."

ಪೋಸ್ಟರಿನಲ್ಲಿ ನನ್ನ ಮುಖ ಬರುತ್ತದಂತೆ. ಹೆಸರು ಪೂರ್ತಿ ಹಾಕಬೇಕೆಂದು ಹೇಳಿದ್ದೇನೆ: ಅನ್ನಪೂರ್ಣಾ ಹುಕ್ಕೇರಿ.

ನವೆಂಬರ್ 16, ಶನಿವಾರ

ಮೊದಲ ದಿನ. ಕೊಣ್ಣೂರ ರಸ್ತೆಯ ಹಳೆಯ ಕಟ್ಟಡಕ್ಕೆ ನ್ಯಾಯಾಲಯ ಎಂದು ಫಲಕ ಹಾಕಿದ್ದಾರೆ. ಎಲ್ಲ ಚೆನ್ನಾಗಿಯೇ ಆಯಿತು. ಒಂದು ಮಾತು ಮಾತ್ರ ಮನಸ್ಸಿಗೆ ಹತ್ತಿತು. ಶ್ರೇಯಸ ಬಳಿಗೆ ಬಂದು ಮೆಲ್ಲಗೆ, "ಮೌಶಿ, ಮಾತು ಸ್ವಲ್ಪ ಬೆಂಗಳೂರ ಕಡಿ ಹೊಂಟೈತಿ" ಎಂದ.

"ಹುಟ್ಟಿದ್ದೇ ಹುಕ್ಕೇರಿಯಲ್ಲಿ ಕಣಪ್ಪ. ನನಗೇ ಹೇಳಿಕೊಡ್ತೀಯಾ?" ಎಂದೆ.

ಊಟ ಮುಗಿಸಿ ಬಂದು ನೋಡಿದರೆ ನನ್ನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೋರ್ಟಿನ ಮುಂದೆ ನಿಲ್ಲುವ ಗುಂಪಿಗೆಂದು ಮೂಡಲಗಿಯಿಂದ ಟೆಂಪೋದಲ್ಲಿ ತಂದ ಜನರಲ್ಲಿ ಒಬ್ಬಳು. ಅರವತ್ತು ದಾಟಿದೆ, ಮುಂದಿನ ಎರಡು ಹಲ್ಲಿಲ್ಲ. "ಇದು ನನ್ನ ಕುರ್ಚಿ" ಎಂದೆ. "ಹೌದೇನ್ರಿ ಅಕ್ಕಾರ? ಬಿಸಲಿಗಿ ಸುಮ್ನ ಇತ್ತು" ಎಂದು ಎದ್ದು, ಸೆರಗಿನಿಂದ ಕುರ್ಚಿ ಒರೆಸಿಕೊಟ್ಟಳು. ಹೆಸರು ಕರೆವ್ವ ಅಂತೆ. ಯಲ್ಲಕ್ಕನ ಜೊತೆ ಕೋರ್ಟಿಗೆ ಬರುವ ನಾದಿನಿಯ ಪಾತ್ರಕ್ಕೆ ಅವಳನ್ನೇ ನಿಲ್ಲಿಸುತ್ತಾರಂತೆ. ಅದಕ್ಕೆ ಮಾತಿಲ್ಲ, ಹಾಗಾಗಿ ಯಾರಾದರೂ ನಡೆಯುತ್ತದೆ.

ನವೆಂಬರ್ 19, ಮಂಗಳವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಇವತ್ತು ಮೆಟ್ಟಿಲ ಮೇಲಿನ ದೃಶ್ಯ. ವಕೀಲನ ಪಾತ್ರದವನು, "ಯಲ್ಲಕ್ಕ, ತೀರ್ಪು ನಿನ್ನ ಕಡಿ ಆತು, ಕೇಸ ಮುಗೀತು" ಅನ್ನಬೇಕು. ಆಮೇಲೆ ನನ್ನ ಎರಡು ಪುಟ. ಮೊದಲ ಟೇಕಿನಲ್ಲೇ ಕಣ್ಣೀರು ಬಂತು, ಗ್ಲಿಸರಿನ್ ಮುಟ್ಟಲಿಲ್ಲ. ಗುಂಪಿನಲ್ಲಿದ್ದ ಹೆಂಗಸರು ಮೂಗು ಒರೆಸಿಕೊಂಡರು. ಶ್ರೇಯಸನೂ ಕಣ್ಣೊರೆಸಿಕೊಂಡ.

ಇನ್ನೊಂದು ಕೋನದಿಂದ ತೆಗೆಯೋಣ ಎಂದು ಮತ್ತೆ ಶುರು ಮಾಡಿದರು. ವಕೀಲ ತನ್ನ ಮಾತು ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಲ್ಲಿದ್ದ ಕರೆವ್ವ, ಬಗಲಲ್ಲಿದ್ದ ರೊಟ್ಟಿ ಗಂಟನ್ನು ಸರಿ ಮಾಡಿಕೊಳ್ಳುತ್ತ, ಅವನನ್ನು ಕೇಳಿದಳು:

"ಮುಂದಿನ ತಾರೀಖ ಯಾವಾಗ್ರಿ ಸಾಹೇಬ್ರ?"

ಯಾರೂ ಕಟ್ ಅನ್ನಲಿಲ್ಲ. ವಕೀಲ ಪಾತ್ರದವನು ಕಕ್ಕಾಬಿಕ್ಕಿಯಾಗಿ, "ಮುಗೀತಬೇ, ತಾರೀಖ ಇಲ್ಲ ಇನ್ನ" ಎಂದ. ಆಕೆ ಅವನ ಮುಖ ನೋಡಿದಳು. ಆಮೇಲೆ ರಸ್ತೆಯ ಕಡೆ ನೋಡಿದಳು. ಎಲ್ಲಿಗೆ ಹೋಗಬೇಕೆಂದು ತಿಳಿಯದವಳ ಹಾಗೆ ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿದಳು.

ನನ್ನ ಎರಡು ಪುಟ ನನ್ನ ಬಾಯಲ್ಲೇ ಉಳಿಯಿತು.

ಶೂಟಿಂಗ್ ಅನ್ನುವುದನ್ನೇ ಮರೆತು ಆಕೆ ಮಾತಾಡಿದ್ದು. ಅಭಿನಯ ಅಲ್ಲ ಅದು. ಎಮ್ಮೆ ಹಾಲು ಕೊಟ್ಟರೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೆ?

ನವೆಂಬರ್ 20, ಬುಧವಾರ

ಬೆಳಿಗ್ಗೆ ಶ್ರೇಯಸ ನನ್ನ ಕೋಣೆಗೆ ಬಂದ. ಕೂತುಕೋ ಎಂದರೂ ಕೂರಲಿಲ್ಲ. ಆಗಲೇ ನನಗೆ ತಿಳಿಯಿತು.

"ಮೌಶಿ, ನೀವು ಆ ಮಾತ ಹೇಳಿದಾಗ ನನಗ ಅಳು ಬಂತು. ಅಕಿ ಕೇಳಿದಾಗ ಉಸರ ಬರಲಿಲ್ಲ."

"ಅದಕ್ಕೆ?"

"ಅಕಿ ಯಲ್ಲಕ್ಕ ಆಗ್ಲಿ. ನೀವು ನಾದಿನಿ ಮಾಡ್ರಿ. ನಿಮ್ಮ ಕೆಲಸದ ದಿನ ಕಡಿಮಿ ಆಗಂಗಿಲ್ಲ, ಹೆಸರೂ ಮೊದಲ ಹಾಕ್ತೇನಿ. ಒಲ್ಲೆ ಅಂದ್ರ ನಾ ನಿಮಗ ಮಾತ ಕೊಟ್ಟೇನಿ, ನೀವ ಯಲ್ಲಕ್ಕ."

ನಾನು ಒಲ್ಲೆ ಅನ್ನಬಹುದಿತ್ತು. ಆದರೆ ಒಲ್ಲೆ ಅಂದರೆ ದಿನವೂ ನನ್ನನ್ನು ಕ್ಯಾಮೆರಾದಲ್ಲಿ ನೋಡುತ್ತ ಅವಳನ್ನು ನೆನೆಯುತ್ತಾನೆ. ಆ ಕಣ್ಣು ನಾನು ಕಂಡಿದ್ದೇನೆ. "ಆಯ್ತಪ್ಪ" ಎಂದೆ. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮಾಡಲಿ, ಅದರಿಂದೇನು.

ನನ್ನ ಇಳಕಲ್ ಸೀರೆ, ನನ್ನ ಅಳತೆಗೆ ಹೊಲಿದ ಕುಪ್ಪಸ ಅವಳಿಗೆ ಹೋಯಿತು. ಕುಪ್ಪಸ ಅವಳಿಗೆ ದೊಡ್ಡದಾಯಿತಂತೆ. ಕೇಳಿ ಸಂತೋಷವಾಯಿತು.

ನವೆಂಬರ್ 21

ಬರೆಯುವಂಥದ್ದೇನೂ ಇಲ್ಲ. ಅವಳಿಗೆ ಈಗ ಕುರ್ಚಿ ಹಾಕುತ್ತಾರೆ.

ನವೆಂಬರ್ 23, ಶನಿವಾರ, ಹುಕ್ಕೇರಿ

ಒಂದು ದಿನ ಬಿಡುವು. ಅಣ್ಣನ ಮನೆಗೆ ಬಂದೆ. ಅಣ್ಣ ಹೋಗಿ ಐದು ವರ್ಷವಾಯಿತು, ಅವನ ಹೆಂಡತಿ ಗೌರಕ್ಕ ವೈನಿ ಒಬ್ಬಳೇ ಅಂಗಡಿ ನಡೆಸಿಕೊಂಡು ಗಟ್ಟಿಯಾಗಿ ಇದ್ದಾಳೆ. ಮಡಿಕೆಕಾಳಿನ ಪಲ್ಯ, ಬಿಸಿ ರೊಟ್ಟಿ ಬಡಿಸಿದಳು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತಿತ್ತು, ಎಲ್ಲ ಹೇಳಿದೆ.

ವೈನಿ ಕೇಳಿದಳು: "ಅಕಿ ವಯಸ್ಸಿಗಿ ಸಣ್ಣಾಕಿ ಏನ?"

"ಇಲ್ಲ. ಅರವತ್ತರ ಮೇಲಾಗಿದೆ."

"ಮತ್ತ ಭಾಳ ಚಂದ ಅದಾಳೇನ?"

"ಮುಂದಿನ ಎರಡು ಹಲ್ಲೇ ಇಲ್ಲ."

ವೈನಿ ರೊಟ್ಟಿ ಬಡಿಯುವುದನ್ನು ಬಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅಲ್ಲಬೇ ಅನ್ನೂ, ಇಪ್ಪತ್ತ್ ವರ್ಷ ಹೀರೋಯಿನ್ನುಗಳ ನಡುವ ಇದ್ದಿ. ಅವರ ಮ್ಯಾಲ ಬರದ ಹೊಟ್ಟಿಕಿಚ್ಚು ಹಲ್ಲಿಲ್ಲದಾಕಿ ಮ್ಯಾಲ ಬಂತೇನ!"

ಅವಳಿಗೆ ತಿಳಿಯುವುದಿಲ್ಲ. ಹೀರೋಯಿನ್ನುಗಳ ಹತ್ತಿರ ಏನಿತ್ತೋ ಅದು ನನಗೆ ಬೇಕಾಗಿರಲಿಲ್ಲ.

ನವೆಂಬರ್ 26, ಮಂಗಳವಾರ

ಇವತ್ತು ಸೈಕಲ್ಲಿನ ದೃಶ್ಯ. ಕೇಸು ಮುಗಿದ ಮೇಲೆ ಪೊಲೀಸರು ಮಗನ ಸೈಕಲನ್ನು ಯಲ್ಲಕ್ಕನಿಗೆ ವಾಪಸು ಕೊಡುತ್ತಾರೆ. ಅವಳು ಅದನ್ನು ತಳ್ಳಿಕೊಂಡು ಹೋಗಬೇಕು, ಅಷ್ಟೆ. ಬೆಳಿಗ್ಗೆ ಕರೆವ್ವ ನನ್ನ ಹತ್ತಿರ ಬಂದು ನೆಲದ ಮೇಲೆ ಕೂತಳು.

"ಅಕ್ಕಾರ, ನೀವು ಕಲತಾವ್ರು. ಹೆಂಗ ಮಾಡ್ಲಿ ಹೇಳ್ರಿ."

ನಾನು ಹೇಳಿದೆ. ಸೈಕಲನ್ನು ಅಪ್ಪಿಕೊಂಡು ಎದೆ ಬಡಿದುಕೊಳ್ಳಬೇಕು ಎಂದೆ. ದನಿ ತೆಗೆದು ಅಳಬೇಕು, ಇಲ್ಲದಿದ್ದರೆ ಜನಕ್ಕೆ ತಿಳಿಯುವುದಿಲ್ಲ ಎಂದೆ. ನಡುನಡುವೆ ಕ್ಯಾಮೆರಾದ ಕಡೆ ನೋಡು, ಮುಖ ಕಾಣಬೇಕಲ್ಲ ಎಂದೆ. ಹೇಳುವಾಗ ನನ್ನ ದನಿ ಬಹಳ ಮೃದುವಾಗಿತ್ತು. ಒಳ್ಳೆಯ ನಟಿ ನಾನು.

ಆಕೆ ಒಂದೂ ಬಿಡದೆ ಹಾಗೆಯೇ ಮಾಡಿದಳು. ಆರು ಟೇಕು. ಗುಂಪಿನವರು ನಗತೊಡಗಿದರು. ಶ್ರೇಯಸ ಎಲ್ಲರ ಮುಂದೆ ಕೂಗಾಡಿದ: "ಯಾರ ಹೇಳಿದ್ರು ನಿಮಗ ಹಿಂಗ ಮಾಡಾಕ? ನಾಟಕ ಮಾಡಾಕತ್ತೀರೇನ?" ಅರ್ಧ ದಿನ ಹಾಳಾಯಿತು.

ಆಕೆ ನನ್ನ ಹೆಸರು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. "ತಪ್ಪಾತ್ರಿ" ಎಂದಳು.

ಸಂಜೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. "ಅಕ್ಕಾರ, ನೀವ ಹೇಳಿದ್ದ ಖರೇನ ಇರ್ತೈತ್ರಿ. ನನಗ ಮಾಡಾಕ ಬರಲಿಲ್ಲ" ಎಂದಳು. ನನ್ನ ಮುಖವನ್ನೇ ನೋಡುತ್ತ ಹೇಳಿದಳು, ಕಣ್ಣಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಲಾಡ್ಜಿನವರ ಜುಣಕದಲ್ಲಿ ಎಣ್ಣೆ ಹೆಚ್ಚು.

ನವೆಂಬರ್ 27

"ನಿನ್ನೆ ನಾ ಹೇಳಿದ್ದ ಮರ್ತಬಿಡು" ಎಂದೆ ಕರೆವ್ವನಿಗೆ. "ಸೈಕಲ್ ಪಂಕ್ಚರ್ ಆಗೈತಿ, ಮನಿ ದೂರ ಐತಿ. ಅಷ್ಟ ತಲ್ಯಾಗ ಇಟ್ಕೊಂಡ ನಡಿ."

ಒಂದೇ ಟೇಕು. ಹಿಂದಿನ ಗಾಲಿಯ ಗಾಳಿ ಪೂರ್ತಿ ಹೋಗಿತ್ತು, ತಳ್ಳುವುದಕ್ಕೆ ಆಕೆ ಒದ್ದಾಡಿದಳು. ಒಂದು ಸಲ ಸೀಟಿನ ಮೇಲಿನ ಧೂಳು ಒರೆಸಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ದಿನವೂ ಅರ್ಧ ದಿನ ಹಾಳಾದರೆ ನನ್ನ ಭಾಗ ಮುಗಿಯುವುದು ಯಾವಾಗ? ಅದಕ್ಕೇ ಹೇಳಿದೆ.

ನವೆಂಬರ್ 29, ಶುಕ್ರವಾರ, ಮೂಡಲಗಿ

ಇವತ್ತು ಮೂಡಲಗಿಯಲ್ಲಿ. ಪೇಟೆಯ ಜನರ ನಡುವೆ ಯಲ್ಲಕ್ಕ, ನಾದಿನಿ ಇಬ್ಬರೂ ನಡೆದು ಹೋಗಬೇಕು, ಕ್ಯಾಮೆರಾ ಒಂದು ಅಂಗಡಿಯ ಮಾಳಿಗೆಯ ಮೇಲೆ. ಹತ್ತು ಹೆಜ್ಜೆ ನಡೆದಿಲ್ಲ, ಮೆಣಸಿನಕಾಯಿ ಮಾರುವವಳು ಎದ್ದು ನಿಂತು ಕೂಗಿದಳು: "ಅಯ್ಯ ನಮ್ಮವ್ವ! ನೀವ ಸತ್ತಿದ್ರೆಲ್ಲರಿ!"

ಜನವೋ ಜನ. ಒಬ್ಬಳು ನನ್ನ ಕೈ ಮುಟ್ಟಿ ನೋಡಿದಳು. ಒಬ್ಬ ಮುದುಕ, "ನಿಮ್ಮ ಸೊಸಿ ಭಾಳ ಅಳತಾಳ್ರಿ, ಒಮ್ಮಿ ಹೋಗಿ ಬರ್ರಿ" ಎಂದ. ಶೂಟಿಂಗ್ ನಿಂತೇ ಹೋಯಿತು. ಖರೇ ಹೇಳುತ್ತೇನೆ, ನನಗೆ ಹಬ್ಬವಾಯಿತು. ಈಗ ನೋಡಲಿ ಅವಳು, ಎಂದುಕೊಂಡೆ.

ನೋಡಿದಳು. ನೋಡಿ, ಎಲ್ಲರಿಗೂ ತಾನೇ ಹೇಳತೊಡಗಿದಳು: "ಇವರು ನಮ್ಮ ಅಕ್ಕಾರ. ಜೋಡಿ ಕೆಲಸ ಮಾಡಾಕತ್ತೇವಿ. ಇವರ ಮುಂದ ನಾ ಏನ ಅಲ್ರಿ." ತನ್ನ ಮನೆಯ ಮದುವೆಗೆ ಬಂದ ಬೀಗರನ್ನು ತೋರಿಸುವ ಹಾಗೆ ನನ್ನನ್ನು ತೋರಿಸಿದಳು.

ಆಕೆಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬರುವುದಿಲ್ಲ. ಅದನ್ನೇ ನನಗೆ ಸಹಿಸಲು ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಬಲವಂತ ಮಾಡಿ ಮನೆಗೆ ಕರೆದುಕೊಂಡು ಹೋದಳು. ಊರ ಅಂಚಿನಲ್ಲಿ ತಗಡಿನ ಮನೆ. ಮಗ, ಸೊಸೆ ಅರಿಶಿಣದ ಹೊಲಕ್ಕೆ ಕೂಲಿಗೆ ಹೋಗಿದ್ದರು. ಚಹಾ ಕುದಿಸುತ್ತ ತನ್ನ ಕಥೆ ಹೇಳಿದಳು. ಮೈದುನನ ಜೊತೆ ಎರಡು ಎಕರೆಗೆ ಕೇಸಂತೆ. ಏಳು ವರ್ಷ ಗೋಕಾಕಕ್ಕೆ ಓಡಾಡಿದಳಂತೆ, ಹೆಚ್ಚಾಗಿ ಮಂಗಳವಾರವೇ ತಾರೀಖು ಬೀಳುತ್ತಿತ್ತಂತೆ.

"ಗೆದ್ದಿಯೇನು?" ಎಂದೆ.

"ಸೋತ್ನಿರಿ. ಸೋತದ್ದು ದೊಡ್ಡದಲ್ರಿ ಅಕ್ಕಾರ. ಮುಗದ್ ಮ್ಯಾಲ ಎರಡ ತಿಂಗಳ ಮಂಗಳವಾರ ಬಂದ್ರ ಸಾಕ, ಕಾಲ ತಾವ ಎದ್ದ ಬಸ್ ಸ್ಟ್ಯಾಂಡಿಗಿ ಹೊಕ್ಕಿದ್ದೂ. ಅಲ್ಲಿ ಕುಂತ ಎದ್ದ ಬರ್ತಿದ್ನಿ."

ಚಹಾ ಒಳ್ಳೆಯದಿತ್ತು. ಇನ್ನೊಂದು ಬಟ್ಟಲು ಕೇಳಿ ಕುಡಿದೆ.

ಡಿಸೆಂಬರ್ 3, ಮಂಗಳವಾರ, ಗೋಕಾಕ

ಮೆಟ್ಟಿಲ ಮೇಲಿನ ದೃಶ್ಯವನ್ನು ಮತ್ತೆ ತೆಗೆಯಬೇಕಾಗಿತ್ತು, ಈಗ ಯಲ್ಲಕ್ಕ ಅವಳಲ್ಲವೆ. ನನ್ನ ಎರಡು ಪುಟ ತೆಗೆದುಹಾಕಿ ಆ ಒಂದು ಮಾತನ್ನೇ ಇಟ್ಟುಕೊಂಡಿದ್ದಾನೆ ಶ್ರೇಯಸ.

ಅವಳಿಂದ ಆಗಲಿಲ್ಲ. ಮೊದಲ ಸಲ ಮರೆತು ಬಂದದ್ದು ಈಗ ನೆನೆಸಿಕೊಂಡರೆ ಹೇಗೆ ಬರಬೇಕು? ಒಂಬತ್ತು ಟೇಕು. ಶಾಲೆಯ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ, "ಮುಂದಿನ, ತಾರೀಖ, ಯಾವಾಗ್ರಿ." ಶ್ರೇಯಸ ತಲೆಯ ಮೇಲೆ ಕೈ ಹೊತ್ತು ಕೂತ. ಒಂದು ಗಳಿಗೆ ನನ್ನ ಕಡೆ ನೋಡಿದ. ಆ ಒಂದು ಗಳಿಗೆಯಲ್ಲಿ ಯಲ್ಲಕ್ಕ ಮತ್ತೆ ನನ್ನವಳಾಗಬಹುದಿತ್ತು. ಸುಮ್ಮನಿದ್ದರೆ ಸಾಕಾಗಿತ್ತು.

ಆದರೆ ನನ್ನ ಪಕ್ಕದಲ್ಲೇ ಅಷ್ಟು ಕೆಟ್ಟ ಅಭಿನಯ ನಡೆಯುತ್ತಿದ್ದರೆ ನೋಡುತ್ತ ನಿಲ್ಲುವುದಕ್ಕೆ ನನ್ನಿಂದ ಆಗುವುದಿಲ್ಲ. ಶ್ರೇಯಸನ ಹತ್ತಿರ ಐದು ನಿಮಿಷ ಸಮಯ ಕೇಳಿದೆ. ಅವಳನ್ನು ಬದಿಗೆ ಕರೆದುಕೊಂಡು ಹೋದೆ.

"ಮಾತಿನ ಕಡಿ ಲಕ್ಷ್ಯ ಕೊಡಬ್ಯಾಡ" ಎಂದೆ. "ರೊಟ್ಟಿ ಗಂಟು ಸಡಲ ಐತಿ. ಬಸ್ಸಿನ್ಯಾಗ ಬಿಚ್ಚಿದ್ರ ರೊಟ್ಟಿ ಚೆಲ್ಲತಾವ. ಅದನ್ನ ಗಟ್ಟಿ ಕಟ್ಟು. ಕಟ್ಟಕೋತ ಕೇಳು, ಮುಂದ ನೀ ರಜಾ ಕೇಳಬೇಕಲ್ಲ, ಹೊಲದ ಮಾಲಕರಿಗಿ ಯಾವ ದಿನ ಬರಂಗಿಲ್ಲಂತ ಹೇಳಬೇಕಲ್ಲ. ಅದಕ್ಕ ಕೇಳು."

"ಹಂಗೇನ್ರಿ" ಎಂದಳು.

ನಾನು ನಿಜವಾಗಿಯೂ ಗಂಟು ಸಡಿಲ ಮಾಡಿಕೊಟ್ಟೆ. ಕ್ಯಾಮೆರಾ ಅವಳ ಮುಖದ ಮೇಲಿದ್ದಾಗ ನನ್ನ ಅವಶ್ಯಕತೆ ಇರಲಿಲ್ಲ, ಹೋಗಿ ಕೂರಬಹುದಿತ್ತು. ಮಂಡಿ ನೋವು, ಕುರ್ಚಿ ದೂರ. ಹಾಗಾಗಿ ಕ್ಯಾಮೆರಾದ ಪಕ್ಕದಲ್ಲಿ ಅವಳಿಗೆ ಕಾಣುವ ಹಾಗೆ ನಿಂತೆ.

ಹತ್ತನೆಯ ಟೇಕು. ಹೇಗಿತ್ತೆಂದು ಬರೆಯುವುದಿಲ್ಲ. ಬರೆದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಕ್ಯಾಮೆರಾ ನನ್ನ ಕಡೆ ತಿರುಗಿತು. ಆ ಮಾತು ಕೇಳಿಸಿಕೊಂಡ ನಾದಿನಿಯ ಮುಖ. ನನಗೆ ಮಾತಿಲ್ಲ. ಅವಳು ಎದುರಿಗೆ ನಿಂತು ಮತ್ತೊಮ್ಮೆ ಕೇಳಿದಳು. ನಾನು ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ. ಏನು ಮಾಡಿದೆನೋ ನೆನಪಿಲ್ಲ. ಶ್ರೇಯಸ "ಓಕೆ" ಎಂದ. ಚಪ್ಪಾಳೆ ಇಲ್ಲ. ಕ್ಯಾಮೆರಾದ ಮಲ್ಲೇಶ ಮಾತ್ರ ತನ್ನ ಕುರ್ಚಿ ಎತ್ತಿಕೊಂಡು ಬಂದು ನನ್ನ ಹಿಂದೆ ಇಟ್ಟು ಹೋದ.

ಡಿಸೆಂಬರ್ 8, ಭಾನುವಾರ

ಮುಗಿಯಿತು. ಎಲ್ಲರೂ ಅವಳ ಜೊತೆ ಫೋಟೋ ತೆಗೆಸಿಕೊಂಡರು. ನನ್ನ ಜೊತೆಗೂ ತೆಗೆಸಿಕೊಂಡರು, ಆಮೇಲೆ.

ಫೆಬ್ರವರಿ 12, ಬುಧವಾರ, ಹುಕ್ಕೇರಿ

ಬೆಂಗಳೂರಿನಿಂದ ಕರೆ ಇಲ್ಲ. ವೈನಿಯ ಅಂಗಡಿಯಲ್ಲಿ ಕೂರುತ್ತೇನೆ. ಹೊತ್ತು ಹೋಗುತ್ತದೆ.

ಇವತ್ತು ತಾತ್ಯಾಸಾಹೇಬರು ತಾವೇ ಫೋನ್ ಮಾಡಿದರು. ಮೆಟ್ಟಿಲ ಮೇಲೆ ತೆಗೆದದ್ದರಲ್ಲೆಲ್ಲ ಟ್ರ್ಯಾಕ್ಟರಿನ ಹಾಡು ತುಂಬಿಕೊಂಡಿದೆಯಂತೆ, ಮಾತುಗಳನ್ನು ಮತ್ತೆ ಸ್ಟುಡಿಯೋದಲ್ಲಿ ಹೇಳಿಸಬೇಕಂತೆ. ಕರೆವ್ವನನ್ನು ಬೆಳಗಾವಿಗೆ ಕರೆದುಕೊಂಡು ಹೋಗಿ ಪ್ರಯತ್ನ ಮಾಡಿದರಂತೆ. ಪರದೆಯಲ್ಲಿ ತುಟಿ ಮುಚ್ಚಿದ ಮೇಲೆ ಇವಳ ಮಾತು ಶುರುವಾಗುತ್ತಿತ್ತಂತೆ.

"ಶ್ರೇಯಸ ಅಕೀನ ಬೇಕಂತಾನ. ನನ್ನ ಮಾತ ಕೇಳ್ರಿ ಬಾಯಾರ, ಹಲ್ಲಿಲ್ಲದ ಬಾಯಾಗ ಅರ್ಧ ಮಾತ ತಿಳಿಯಂಗಿಲ್ಲ. ನಿಮ್ಮ ದನಿ ಅಂದ್ರ ಗಂಟಿ ಹೊಡದಂಗ. ಯಲ್ಲಕ್ಕಗ ನೀವ ದನಿ ಕೊಡ್ರಿ."

ತಕ್ಷಣ ಒಪ್ಪಿಕೊಂಡೆ. ಮುಖ ಅವಳದು, ದನಿ ನನ್ನದು. ಅರ್ಧ ಯಲ್ಲಕ್ಕ ನನಗೆ ವಾಪಸು ಬಂದಳು. ವೈನಿಗೆ ಪೇಡೆ ತರಿಸಿ ಕೊಟ್ಟೆ.

ಫೆಬ್ರವರಿ 17, ಸೋಮವಾರ, ಬೆಳಗಾವಿ

ನಾಲ್ಕು ಗಂಟೆಯಲ್ಲಿ ಮುಗಿಸಿದೆ. ಒಂದಕ್ಷರವೂ ತುಟಿ ಬಿಟ್ಟು ಹೋಗಲಿಲ್ಲ. ಮಾತು ಹುಕ್ಕೇರಿಯದೇ ಬಂತು, ಹೇಗೆ ಬಂತೋ. ತಾತ್ಯಾಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ರೇಯಸ, "ಭಾಳ ಚಲೋ ಆತು ಮೌಶಿ" ಎಂದು ಹೊರಗೆ ಹೋದ.

ಪೂರ್ತಿ ಹಾಕಿ ತೋರಿಸಿದರು. ಪರದೆಯ ಮೇಲೆ ಅವಳ ಬಾಯಿ ಅಲುಗುತ್ತದೆ, ಅದರಿಂದ ನಾನು ಬರುತ್ತೇನೆ.

ಫೆಬ್ರವರಿ 18, ಮಂಗಳವಾರ

ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಹೊಳೆಯಿತು. ಸಿನಿಮಾ ನೋಡಿದ ಜನ ಏನನ್ನುತ್ತಾರೆ? ಕರೆವ್ವನ ದನಿ ಎಂಥಾದ್ದು ಅನ್ನುತ್ತಾರೆ. ದನಿ ಕೊಟ್ಟವರೆಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ನನ್ನ ಹೆಸರನ್ನು ಯಾರು ಓದುತ್ತಾರೆ? ಪಾತ್ರ ಕೊಟ್ಟೆ, ಸೀರೆ ಕೊಟ್ಟೆ, ಈಗ ಇಪ್ಪತ್ತಮೂರು ವರ್ಷ ದುಡಿದ ದನಿಯನ್ನೂ ಅವಳ ಬಾಯಿಗೆ ತುಂಬಿ ಬರಬೇಕೆ? ಸಾಧ್ಯವಿಲ್ಲ. ಅವಳದನ್ನು ಅವಳೇ ಹೇಳಿಕೊಳ್ಳಲಿ.

ಶ್ರೇಯಸನಿಗೆ ಫೋನ್ ಮಾಡಿದೆ. "ನನ್ನ ದನಿ ತಗದಬಿಡು. ಅಕೀನ ಕರ್ಕೊಂಡ ಬರ್ತೇನಿ. ಎರಡ ದಿನ ಸ್ಟುಡಿಯೋ ಇಟ್ಟಿರು."

"ಕಾಕಾಗ ಏನ ಹೇಳ್ಲಿ?" ಎಂದ.

"ಮೌಶಿಗಿ ತಲಿ ಕೆಟ್ಟೈತಿ ಅಂತ ಹೇಳು."

ಬೆಳಗಾವಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ. ಹೋದಾಗ ಕರೆವ್ವ ಹೊಲದಲ್ಲಿ ಅರಿಶಿಣದ ಗಡ್ಡೆ ಬಿಡಿಸುತ್ತಿದ್ದಳು, ಮೊಣಕೈವರೆಗೆ ಹಳದಿ.

"ನನ್ನ ದನಿ ಬ್ಯಾಡಂದ್ರಂತಲ್ರಿ ಅಕ್ಕಾರ" ಎಂದಳು. "ನಿಮ್ಮ ದನಿ ಹಚ್ತಾರಂತ. ಚಲೋನ ಆತ ಬಿಡ್ರಿ." ನಗುತ್ತಲೇ ಹೇಳಿದಳು. ಆದರೆ ಗಡ್ಡೆಯ ಮಣ್ಣು ಉದುರಿಸುತ್ತಿದ್ದ ಕೈ ನಿಂತಿತ್ತು. ಅವಳಿಗೆ ನೋವಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಏನ ಚಲೋ ಆತು? ನನ್ನ ದನಿ ನಾ ನಿನಗ್ಯಾಕ ಕೊಡಲಿ? ಕೈ ತೊಳಕೊ. ನಡಿ."

ಫೆಬ್ರವರಿ 20, ಗುರುವಾರ, ಬೆಳಗಾವಿ

ಎರಡು ದಿನ. ಗಂಟಲು ಒಣಗಿದೆ, ಬೆನ್ನು ಬಿದ್ದುಹೋಗಿದೆ. ಅವಳಿಗೆ ಪರದೆ ನೋಡಿ ಮಾತು ಹಿಡಿಯುವುದು ಬರುವುದೇ ಇಲ್ಲ. ತನ್ನ ಮುಖ ಕಂಡ ಕೂಡಲೇ ನಾಚಿಕೊಂಡು ನಗುತ್ತಾಳೆ. ಕಡೆಗೆ ಅವಳನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿದೆ. ಪರದೆ ನಾನು ನೋಡಿದೆ. ಎಲ್ಲಿ ಮಾತು ಬರಬೇಕೋ ಅಲ್ಲಿ ಹಿಂದಿನಿಂದ ಹೆಗಲ ಮೇಲೆ ಬೆರಳು ಒತ್ತಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಬೆರಳು ತೆಗೆದೆ.

ಬಳೆ ಸದ್ದು ಬರುತ್ತಿದೆ ಎಂದು ರೆಕಾರ್ಡಿಂಗಿನವರು ಒಳಗಿನಿಂದ ಕೂಗಿದರು. ಅವಳದಲ್ಲ, ನನ್ನದು. ಬಿಚ್ಚಿಟ್ಟೆ.

ಆ ಮಾತು ಹತ್ತೊಂಬತ್ತನೆಯ ಸಲಕ್ಕೆ ಸರಿಯಾಯಿತು. ಹಲ್ಲಿಲ್ಲದ ಕಡೆಯಿಂದ ಗಾಳಿ ಹೋಗಿ "ತಾರೀಖ" ಅನ್ನುವುದು ಅರ್ಧ ಉಸಿರಾಗಿ ಕೇಳುತ್ತದೆ. ತಾತ್ಯಾಸಾಹೇಬರು ಒಳಗಿನಿಂದ ಬಂದು ನಿಂತರು. ತಿಳಿಯುವುದಿಲ್ಲ ಎಂದು ಹೇಳುತ್ತಾರೆಂದು ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ನನ್ನ ದನಿಗಿಂತ ಚೆನ್ನಾಗಿದೆ. ಬರೆದು ಮುಗಿಸಿದೆ, ಇನ್ನು ಈ ವಿಷಯ ಬೇಡ.

ಆಗಸ್ಟ್ 1, ಶುಕ್ರವಾರ, ಗೋಕಾಕ

ಇವತ್ತು ಸಿನಿಮಾ ಬಿಡುಗಡೆ. ಟಾಕೀಜಿನ ಹೊರಗೆ ಪೋಸ್ಟರು, ಅದರಲ್ಲಿ ಅವಳ ಮುಖ ಗೋಡೆಯಷ್ಟು ದೊಡ್ಡದು. ಹಿಂದೆ ನಾನಿದ್ದೇನೆ, ಹುಡುಕಬೇಕು.

ಮೆಟ್ಟಿಲ ದೃಶ್ಯ ಶುರುವಾಯಿತು. ಅವಳು ಕೇಳಿದಳು. ಆಮೇಲೆ ಪರದೆಯ ತುಂಬ ನನ್ನ ಮುಖ ಬಂತು. ಆ ಹೆಂಗಸನ್ನು ನಾನು ಎಲ್ಲೂ ನೋಡಿಲ್ಲ ಅನಿಸಿತು. ಏನೂ ಮಾಡುತ್ತಿಲ್ಲ ಅವಳು, ಬರೀ ಕೇಳುತ್ತಿದ್ದಾಳೆ. ನನ್ನ ಪಕ್ಕದ ಸೀಟಿನಲ್ಲಿದ್ದ ವೈನಿ ನನ್ನ ಕೈ ಹಿಡಿದುಕೊಂಡಳು, ಸಿನಿಮಾ ಮುಗಿಯುವವರೆಗೆ ಬಿಡಲಿಲ್ಲ.

ಹೊರಗೆ ಬಂದರೆ ಜನ ಕರೆವ್ವನನ್ನು ಮುತ್ತಿಕೊಂಡಿದ್ದರು. ಒಬ್ಬ ಕಾಲೇಜು ಹುಡುಗಿ ನನ್ನ ಕೈಗೆ ತನ್ನ ಫೋನ್ ಕೊಟ್ಟು, "ಅಕ್ಕಾರ, ಅವರ ಜೋಡಿ ನಂದೊಂದ ಫೋಟೋ ತಗೀರಿ" ಎಂದಳು. ಆಮೇಲೆ ಇ‌ನ್ನೊಬ್ಬಳು, ಮತ್ತೊಬ್ಬಳು. ಕರೆವ್ವ ಮುದುಡಿ ನಿಲ್ಲುತ್ತಿದ್ದಳು, ಮುಖದ ಮೇಲೆ ನೆರಳು. "ಎಡಕ್ಕ ತಿರುಗು, ಗದ್ದಾ ಎತ್ತು. ಬೆಳಕ ಈ ಕಡಿ ಐತಿ" ಎಂದು ಗದರಿದೆ. ಹನ್ನೊಂದು ಫೋಟೋ ತೆಗೆದೆ. ಹನ್ನೊಂದೂ ಚೆನ್ನಾಗಿ ಬಂದವು. ನನ್ನದನ್ನು ತೆಗೆಯುತ್ತೇನೆಂದು ಒಬ್ಬರೂ ಕೇಳಲಿಲ್ಲ.

ಆಗಸ್ಟ್ 19, ಮಂಗಳವಾರ, ಹುಕ್ಕೇರಿ

ಬೆಂಗಳೂರಿನಿಂದ ಕರೆ ಬಂತು. ದೊಡ್ಡ ಕಂಪನಿ, ಹೊಸ ಧಾರಾವಾಹಿ, ಅಜ್ಜಿಯ ಪಾತ್ರ, ಮನೆಯ ಯಜಮಾನಿ ಅವಳೇ. ಕೇಳುತ್ತ ಕೇಳುತ್ತ ಅಂಗಡಿಯ ಮಣೆಯ ಮೇಲೆ ಕೂತುಬಿಟ್ಟೆ. ಫೋನ್ ಮಾಡಿದ ಹುಡುಗ ಕೊನೆಗೆ ಹೇಳಿದ: "ಮೇಡಂ, ಕರೆವ್ವ ಅವರ ನಂಬರು ನಿಮ್ಮ ಹತ್ರ ಇದೆ ಅಂದ್ರು."

ಇಲ್ಲ ಅಂದಿದ್ದರೆ ಆಗಿಹೋಗುತ್ತಿತ್ತು. ಅವಳ ಫೋನು ಮಗನ ಕೈಯಲ್ಲಿರುತ್ತದೆ, ಅವನು ಹೊಲದಲ್ಲಿರುತ್ತಾನೆ, ಇವರಿಗೆ ಸಿಗುವುದಿಲ್ಲ. ನಾಲಿಗೆಯ ತುದಿಯವರೆಗೂ ಬಂದಿತ್ತು.

ನಂಬರು ಕೊಟ್ಟೆ. ಕೊಟ್ಟ ಮೇಲೆ ಸುಮ್ಮನಿರಲಾಗಲಿಲ್ಲ.

"ಬರಕೋರಿ" ಎಂದೆ. "ಅಕಿ ಕುರ್ಚಿ ಕೇಳಂಗಿಲ್ಲ, ನೀವಾಗಿ ಹಾಕಬೇಕು. ಉದ್ದ ಮಾತ ಕೊಡಬ್ಯಾಡ್ರಿ. ಕೊಟ್ರೂ ಕೈಗಿ ಏನರ ಕೆಲಸ ಕೊಟ್ಟ ಮಾತ ಕೊಡ್ರಿ. ಮೂರನೇ ಟೇಕಿನ ಮ್ಯಾಲ ಅಕಿನ್ನ ದುಡಸಬ್ಯಾಡ್ರಿ, ಸ್ವಲ್ಪ ಹೊರಗ ಬಿಡ್ರಿ, ತಾನ ಬರ್ತಾಳ. ಅಳು ಅಂತ ಹೇಳಬ್ಯಾಡ್ರಿ. ಎಲ್ಲಾರ ಮುಂದ ಬೈಬ್ಯಾಡ್ರಿ, ತನ್ನ ತಪ್ಪಲ್ಲದಿದ್ರೂ ಒಪ್ಪಕೋತಾಳ. ಮತ್ತ ದನಿ ಅಕೀದ ಇಡ್ರಿ. ಬ್ಯಾರೇದವರ ದನಿ ಹಚ್ಚಿದ್ರ ನಾ ಸುಮ್ನಿರಂಗಿಲ್ಲ."

ಆ ಹುಡುಗ ಸ್ವಲ್ಪ ಹೆದರಿದವನ ಹಾಗೆ, "ಮೇಡಂ, ಅವರು ನಿಮಗೆ ಏನಾಗಬೇಕು?" ಎಂದು ಕೇಳಿದ.

"ನನ್ನ ಪಾತ್ರ ಕಸಗೊಂಡಾಕಿ" ಎಂದೆ.

ಅವನು ನಕ್ಕ, ತಮಾಷೆ ಎಂದುಕೊಂಡ. "ನಗಬ್ಯಾಡಪ್ಪ" ಎಂದೆ. "ಚಲೋತ್ನಂಗ ನೋಡ್ಕೋರಿ ಅಕಿನ್ನ."